ಕಾಕೂನ ಕಟ್ಟೆ: ನಿಂತೇ ಕೆಟ್ಟ ಯಂತ್ರ

ಪ್ರೀತಿಯ ಮಕ್ಕಳೇ,

ಹೋದ ಸಂಚಿಕೆಯಲ್ಲಿ ಚಟ್ನಿಪುಡಿಯ ಬಗ್ಗೆ ಬರೆದ ಕಾಕೂ ಈ ಸಲ ಕಾರಿನ ಎ.ಸಿ. ಕಂಪ್ರೆಸರ್ ಬಗ್ಗೆ ಬರೆಯುತ್ತಾಳೆಂದರೆ ನಗುತ್ತೀರಿ. ನಗಿರಿ, ಆದರೆ ಪೂರ್ತಿ ಓದಿ. ನಿಮ್ಮಲ್ಲಿ ಕೆಲವರ ಮನೆಯ ಕೆಳಗೂ ಅಜ್ಜನ ಕಾಲದ ಪದ್ಮಿನಿಯೋ ಕಂಟೆಸ್ಸಾವೋ ಹೊದಿಕೆ ಹೊದ್ದು ನಿಂತಿರಬಹುದು.

ನಮ್ಮ ಮಾವನವರದು 1991ರ ಕಂಟೆಸ್ಸಾ. 2020ರ ಲಾಕ್‌ಡೌನಿನಲ್ಲಿ ನಿಂತದ್ದು ನಿಂತೇ ಇತ್ತು. ವಾರಕ್ಕೊಮ್ಮೆ ಇಂಜಿನ್ ಶುರು ಮಾಡುತ್ತಿದ್ದೆವು, ಎ.ಸಿ.ಯನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಪೆಟ್ರೋಲ್ ಉಳಿತಾಯ ನೋಡಿ! ಕಳೆದ ಏಪ್ರಿಲ್‌ನಲ್ಲಿ ಧಾರವಾಡದಲ್ಲಿ ಮದುವೆ ಬಂತು. ಎಂಬತ್ತನಾಲ್ಕರ ಮಾವನವರು, "ನಾ ಬಂದ್ರ ನನ್ನ ಗಾಡ್ಯಾಗನ ಬರಾಂವ" ಎಂದು ಹಟ ಹಿಡಿದರು. ಅವರಿಗೆ ಬಿಸಿಲು ತಡೆಯದೆಂದು ಅವಸರದಲ್ಲಿ ಗ್ಯಾಸ್ ತುಂಬಿಸಿ ಹೊರಟೆವು.

ಖಂಬಾಟ್ಕಿ ಘಾಟ್ ಏರುವಾಗ ಬಾನೆಟ್ಟಿನೊಳಗಿಂದ ಕಿರ್ರೆಂಬ ಚೀರಾಟ, ಸುಟ್ಟ ರಬ್ಬರಿನ ವಾಸನೆ. ನಾನು ದೇವರನ್ನು ನೆನೆದೆ, ಮಾವನವರು, "ಎ.ಸಿ. ಬಂದ್ ಮಾಡೋ" ಎಂದರು. ಮಗ ಬಂದ್ ಮಾಡಿದ, ಚೀರಾಟವೂ ನಿಂತಿತು. ಕಿಟಕಿ ತೆರೆದು, ಒದ್ದೆ ಟವೆಲ್ ತಲೆಗೆ ಸುತ್ತಿಕೊಂಡ ಮಾವನವರನ್ನು ಹಾಗೂ ಹೀಗೂ ಧಾರವಾಡ ಮುಟ್ಟಿಸಿದೆವು. ಆ ದಿನದ ಅವರ ಮುಖ ನೆನೆದರೆ ಈಗಲೂ ನನಗೆ ಸಂಕಟ.

ಪುಣೆಗೆ ಮರಳಿದ ಮೇಲೆ ಮೆಕ್ಯಾನಿಕ್, "ಕಂಪ್ರೆಸರ್ ಜಾಮ್ ಝಾಲಾಯ್, ಸೀಜ್" ಎಂದ. ಬಿ.ಎ.ಯಲ್ಲಿ ಇಂಗ್ಲಿಷ್ ಓದುವಾಗ 'ಸೀಜ್' ಎಂದರೆ ಜಪ್ತಿ ಎಂದು ಕಲಿತವಳು ನಾನು. ಇಲ್ಲಿ ಅದರರ್ಥ ಒಳಗಿನ ಲೋಹದ ಭಾಗಗಳು ಒಂದನ್ನೊಂದು ಕಚ್ಚಿ ಹಿಡಿದಿವೆ ಎಂದು. ಕಂಪ್ರೆಸರಿಗೆ ಬೇಕಾದ ಎಣ್ಣೆಯನ್ನು ಸುತ್ತಾಡಿಸುವುದು ಗ್ಯಾಸೇ. ಗ್ಯಾಸ್ ಸೋರಿದಾಗ ಜೊತೆಗೆ ಎಣ್ಣೆಯೂ ಸ್ವಲ್ಪ ಹೋಗುತ್ತದೆ. ವರ್ಷಗಟ್ಟಲೆ ತಿರುಗದ ಕಂಪ್ರೆಸರಿನ ಶಾಫ್ಟ್ ಸೀಲ್ ಒಣಗಿ ಸೋರುವುದು ಸಾಮಾನ್ಯ. ನಾವು ಸೋರಿಕೆ ಹುಡುಕಲಿಲ್ಲ, ಎಣ್ಣೆ ನೋಡಲಿಲ್ಲ, ಬರೇ ಗ್ಯಾಸ್ ತುಂಬಿಸಿದೆವು. ತಪ್ಪು ಕಾರಿನದಲ್ಲ, ನಮ್ಮದು.

ಎ.ಸಿ. ಬಂದ್ ಮಾಡಿದರೆ ಚೀರಾಟ ನಿಂತದ್ದೇಕೆ? ಕಂಪ್ರೆಸರಿನ ಮುಂದೆ ವಿದ್ಯುತ್ತಿನಿಂದ ಹಿಡಿಯುವ ಕ್ಲಚ್ ಇದೆ. ಅದು ಬಿಟ್ಟಾಗ ಪುಲ್ಲಿ ತನ್ನ ಬೇರಿಂಗಿನ ಮೇಲೆ ಸುಮ್ಮನೆ ತಿರುಗುತ್ತದೆ. ಬೇರಿಂಗ್ ಚೆನ್ನಾಗಿದ್ದರೆ ಎ.ಸಿ. ಇಲ್ಲದೆ ಮನೆ ಸೇರಬಹುದು. ಬೇರಿಂಗೇ ಹಿಡಿದಿದ್ದರೆ ಓಡಿಸಬೇಡಿ. ಕೆಲವು ಕಾರುಗಳಲ್ಲಿ ಅದೇ ಬೆಲ್ಟು ನೀರಿನ ಪಂಪನ್ನೂ ತಿರುಗಿಸುತ್ತದೆ. ಅದು ಹರಿದರೆ ಇಂಜಿನ್ನೇ ಕುದಿಯುತ್ತದೆ. ಪರೀಕ್ಷೆ ಸುಲಭ: ಇಂಜಿನ್ ನಿಲ್ಲಿಸಿ, ಕೀಲಿ ತೆಗೆದು, ಕ್ಲಚ್ಚಿನ ಮುಂದಿನ ತಟ್ಟೆಯನ್ನು ಕೈಯಿಂದ ತಿರುಗಿಸಿ. ಅಲುಗದಿದ್ದರೆ ಸೀಜ್.

ಇನ್ನು ನಮ್ಮ ಎರಡನೆಯ ತಪ್ಪು. ಅಗ್ಗಕ್ಕೆ ಮುಗ್ಗಿದ ಜೋಳ ತಂದ ಹಾಗೆ, ಹಳೆಯ ಕಂಪ್ರೆಸರೊಂದನ್ನು ತಂದು ಕೂಡಿಸಿದೆವು, ಅಷ್ಟೇ. ಎರಡೇ ತಿಂಗಳಲ್ಲಿ ಅದೂ ಸೀಜ್! ಮೊದಲನೆಯದು ಸವೆದಾಗ ಉದುರಿದ ಲೋಹದ ಪುಡಿ ಕೊಳವೆಗಳಲ್ಲೇ ಉಳಿದಿತ್ತು. ಆದ್ದರಿಂದ ಕಂಪ್ರೆಸರ್ ಸೀಜಾದರೆ ಕೊಳವೆಗಳನ್ನು ತೊಳೆಸಿ. ಡ್ರೈಯರ್, ಎಕ್ಸ್‌ಪಾನ್ಷನ್ ವಾಲ್ವ್ ಹೊಸದು ಹಾಕಿಸಿ. ಕಂಡೆನ್ಸರ್ ಶುಚಿಯಾಗದಿದ್ದರೆ ಅದನ್ನೂ ಬದಲಿಸಿ. ವ್ಯಾಕ್ಯೂಮ್ ಎಳೆದು ಸೋರಿಕೆ ನೋಡಿದ ಮೇಲೆಯೇ ಗ್ಯಾಸ್.

ಎಣ್ಣೆಯನ್ನೂ ಕೇಳಿ ತಿಳಿಯಿರಿ. ಆ ಕಾಲದ ಕಾರುಗಳಲ್ಲಿದ್ದದ್ದು ಆರ್-12 ಗ್ಯಾಸ್. ಅದು ಓಜೋನ್ ಪದರವನ್ನು ತಿನ್ನುತ್ತದೆಂದು 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. 1992ರಲ್ಲಿ ಭಾರತವೂ ಸೇರಿತು. ಅದರ ಜಾಗಕ್ಕೆ ಬಂದ ಆರ್-134ಎ ಗ್ಯಾಸಿನ ಜೊತೆ ಹಳೆಯ ಮಿನರಲ್ ಎಣ್ಣೆ ಬೆರೆಯುವುದಿಲ್ಲ. ಕಂಪ್ರೆಸರಿಗೆ ಹೊಂದುವ ಪಿ.ಎ.ಜಿ. ಅಥವಾ ಎಸ್ಟರ್ ಎಣ್ಣೆಯೇ ಬೇಕು. ಈ ಹೊಸ ಗ್ಯಾಸೂ ಸಾಧುವಲ್ಲ. ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅದು ತೂಕಕ್ಕೆ ತೂಕ ಇಂಗಾಲದ ಡೈ ಆಕ್ಸೈಡಿನ ಸಾವಿರ ಪಟ್ಟಿಗೂ ಮಿಗಿಲು. ಯಾರಾದರೂ ಗಾಳಿಗೆ ಬಿಡಹೊರಟರೆ ತಡೆಯಿರಿ. ಯಂತ್ರದಿಂದ ಹಿಡಿದಿಡಲು ಹೇಳಿ.

ಈಗ ಪ್ರತಿ ಭಾನುವಾರ ಬೆಳಿಗ್ಗೆ, ಚಳಿಗಾಲದಲ್ಲೂ, ಮಗ ಕಾರನ್ನು ಬಯಲಿಗೆ ತಂದು ಹತ್ತು ನಿಮಿಷ ಎ.ಸಿ. ಹಾಕುತ್ತಾನೆ. ಮಾವನವರು ಶಾಲು ಹೊದ್ದು ಪಕ್ಕದಲ್ಲಿ ಕೂಡುತ್ತಾರೆ. ಮನೆಯಲ್ಲಿ "ಹ್ಞೂಂ", "ಇಲ್ಲ" ಬಿಟ್ಟರೆ ಅಜ್ಜನೊಡನೆ ಕನ್ನಡವೇ ಆಡದ ಹುಡುಗ ಅಲ್ಲಿ ತಡವರಿಸುತ್ತ ಮಾತಾಡುತ್ತಾನೆ. ಮೊದಮೊದಲು ಹತ್ತೇ ನಿಮಿಷ. ಈಗ ನಾನು ಉಪ್ಪಿಟ್ಟು ಆರಿತೆಂದು ಕೂಗಬೇಕು.

ನಿಮ್ಮ ಮನೆಯ ಕೆಳಗೆ ಏನು ನಿಂತಿದೆ? ಈ ಭಾನುವಾರ ಹೊದಿಕೆ ಸರಿಸಿ ನೋಡಿ. ಅಜ್ಜನನ್ನೂ ಕರೆದುಕೊಂಡು ಹೋಗಿ.

ನಿಮ್ಮ,
ಕಾಕೂ