ಕ್ಯೂಬಿಟ್ ಲೆಕ್ಕ ಸಾಕು, ಗದ್ದಲದ ಲೆಕ್ಕ ಕೊಡಿ

ನಾನು ಎಂ.ಎಸ್ಸಿ. ಮಕ್ಕಳಿಗೆ ಭೌತಶಾಸ್ತ್ರ ಪಾಠ ಮಾಡುವವಳು. ಕಳೆದ ವರ್ಷ ಕ್ಲೌಡ್‌ನಲ್ಲಿ ಸಿಗುವ ಒಂದು ಕ್ವಾಂಟಂ ಕಂಪ್ಯೂಟರಿನಲ್ಲಿ ಸಣ್ಣ ಪ್ರಯೋಗ ಮಾಡಿದೆವು. ಒಂದು ಕ್ಯೂಬಿಟ್‌ನಲ್ಲಿರುವ ಸ್ಥಿತಿಯನ್ನು ಹತ್ತು ಮನೆ ಆಚೆಗೆ ಸಾಗಿಸುವುದು, ಅಷ್ಟೇ. ಕ್ಯೂಬಿಟ್ ಎಂದರೆ ಈ ಯಂತ್ರದಲ್ಲಿ ಮಾಹಿತಿ ಹಿಡಿದಿಡುವ ಮೂಲ ಘಟಕ. ಕ್ವಾಂಟಂ ಸ್ಥಿತಿಯನ್ನು ನಕಲು ಮಾಡಲು ಬರುವುದಿಲ್ಲ. ಪಕ್ಕದ ಕ್ಯೂಬಿಟ್ ಜೊತೆ ಅದಲುಬದಲು ಮಾಡುತ್ತಲೇ ಮುಂದೆ ಹೋಗಬೇಕು. ಒಂದು ಅದಲುಬದಲಿಗೆ ಸಿ-ನಾಟ್ ಗೇಟ್ ಎಂಬ, ಎರಡು ಕ್ಯೂಬಿಟ್‌ಗಳ ಮೇಲಿನ ಕ್ರಿಯೆ ಮೂರು ಸಲ ಬೇಕು, ಹತ್ತಕ್ಕೆ 30 ಸಲ. ಗೇಟಿಗೆ ನೂರಕ್ಕೊಂದು ತಪ್ಪು ಎಂದಿಟ್ಟುಕೊಂಡು, 0.99ನ್ನು 30 ಸಲ ಗುಣಿಸಿ, ನೂರಕ್ಕೆ 74 ಸಲ ಸರಿಯಾಗಿ ತಲುಪಬೇಕು ಎಂದು ಹುಡುಗಿಯೊಬ್ಬಳು ಬೋರ್ಡಿನ ಮೇಲೆ ಬರೆದಳು. ಯಂತ್ರದ ಉತ್ತರ ಅದಕ್ಕಿಂತ ಕೆಳಗಿತ್ತು. ಮರುದಿನ ಮಾಡಿದರೆ ಬೇರೆಯೇ ಅಂಕಿ.

“ಲೆಕ್ಕ ತಪ್ಪಾಯ್ತಾ ಮೇಡಂ?” ಗುಣಾಕಾರ ಸರಿಯೇ ಇತ್ತು. ಗದ್ದಲ, ಅಂದರೆ ಗೇಟಿನ ಕೆಲಸ ಕೆಡಿಸುವ ಅಡ್ಡಿ, ಪ್ರತಿ ಗೇಟಿನಲ್ಲೂ ಬಿಡಿಬಿಡಿಯಾಗಿ ಬಂದು ಹೋಗುತ್ತದೆ ಎಂದು ನಾವು ಅಂದುಕೊಂಡದ್ದು ತಪ್ಪಾಗಿತ್ತು. ಉಳುವಾಗ ಅಲ್ಲೊಂದು ಇಲ್ಲೊಂದು ಕಲ್ಲಿಗೆ ನೇಗಿಲು ಅತ್ತಿತ್ತ ಸರಿದರೂ ಸಾಲು ಹೆಚ್ಚುಕಡಿಮೆ ನೇರವೇ ಬರುತ್ತದೆ. ಒಂದು ಎತ್ತು ಸದಾ ಎಡಕ್ಕೇ ಎಳೆದರೆ ಬದು ಮುಟ್ಟುವ ಹೊತ್ತಿಗೆ ಸಾಲು ಎಲ್ಲೋ ಹೋಗಿರುತ್ತದೆ. ಗೇಟ್ ಪ್ರತಿ ಸಲ ಒಂದೇ ದಿಕ್ಕಿಗೆ ಕೂದಲೆಳೆಯಷ್ಟು ಹೆಚ್ಚು ತಿರುಗಿಸಿದರೆ ಆಗುವುದೂ ಇದೇ. ಗೇಟು ಹತ್ತು ಪಟ್ಟಾದರೆ ತಪ್ಪಿನ ಸಂಭವ ನೂರು ಪಟ್ಟಿನತ್ತ ಏರುತ್ತದೆ. ಸಾಲದ್ದಕ್ಕೆ, ಸರದಿ ಕಾಯುವ ಕ್ಯೂಬಿಟ್ ಕೂತಲ್ಲೇ ಮಾಸುತ್ತದೆ, ನೆರೆಯವನ ಕೆಲಸ ಇವನನ್ನೂ ಅಲುಗಿಸುತ್ತದೆ.

2023ರಲ್ಲಿ ಐಬಿಎಂ ವಿಜ್ಞಾನಿಗಳು 127 ಕ್ಯೂಬಿಟ್‌ಗಳ ‘ಈಗಲ್’ ಚಿಪ್ಪಿನಲ್ಲಿ ಮಾಡಿದ ಕೆಲಸ ನನಗೆ ಇಷ್ಟವಾಗುವುದು ಇಲ್ಲಿಯೇ. ಒಂದೇ ಕಡೆ ಎಳೆಯುವ ತಪ್ಪನ್ನು ಬೇಕೆಂದೇ ಚದುರಿಸಿ ಕಲ್ಲಿನ ಏಟಿನಂತಾಗಿಸಿದರು. ಆ ಗದ್ದಲವನ್ನು ಪದರ ಪದರವಾಗಿ ಅಳೆದು, ಇನ್ನಷ್ಟು ಹೆಚ್ಚಿಸಿ, ಅದರಿಂದ ಹಿಂದಕ್ಕೆ ಗೆರೆ ಎಳೆದು, ಗದ್ದಲವೇ ಇಲ್ಲದಿದ್ದರೆ ಬರಬಹುದಾದ ಉತ್ತರವನ್ನು ಅಂದಾಜಿಸಿದರು. ಗದ್ದಲವನ್ನು ಅಳೆದದ್ದರಿಂದಲೇ ಇದು ಸಾಧ್ಯವಾಯಿತು.

ನಮ್ಮ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ ಅದೇ ವರ್ಷ 6,003 ಕೋಟಿ ರೂಪಾಯಿಗೂ ಹೆಚ್ಚು ಹಣ ಮಂಜೂರಾಯಿತು. ಎಂಟು ವರ್ಷದಲ್ಲಿ 50ರಿಂದ 1,000 ಕ್ಯೂಬಿಟ್ ಎನ್ನುವುದು ಗುರಿ. ಕಂಪ್ಯೂಟಿಂಗ್ ವಿಭಾಗದ ಕೇಂದ್ರ ಬೆಂಗಳೂರಿನ ಐಐಎಸ್‌ಸಿಯಲ್ಲೇ ಇದೆ. ಸಂತೋಷ. ಆದರೆ ಎಷ್ಟು ಕ್ಯೂಬಿಟ್ ಎಂಬುದನ್ನಷ್ಟೇ ಹೇಳುವುದು, ಬಾವಿಯಲ್ಲಿ ಎಷ್ಟು ನೀರಿದೆ ಎನ್ನದೆ ಎಷ್ಟು ಬಾವಿ ತೋಡಿಸಿದೆವು ಎಂದಷ್ಟೇ ಹೇಳಿದಂತೆ.

ನನ್ನ ವಿದ್ಯಾರ್ಥಿನಿಯ ಪುಸ್ತಕದಲ್ಲಿ ಎರಡು ದಿನದ ಎರಡು ಅಂಕಿಗಳಿವೆ. ಕಾರಣ ಎಂದು ಬರೆದು ಬಿಟ್ಟ ಸಾಲು ಇನ್ನೂ ಖಾಲಿ. ನಮ್ಮ ತೆರಿಗೆ ಹಣದಲ್ಲಿ ಕಟ್ಟುವ ಪ್ರತಿ ಯಂತ್ರದ ಗೇಟಿನ ತಪ್ಪು, ಸ್ಥಿತಿ ಮಾಸುವ ವೇಗ, ನೆರೆಹೊರೆಯ ಅಡ್ಡಿ, ಈ ಮೂರೂ ದಿನಾಂಕದ ಸಮೇತ ಯಾವ ಊರಿನ ಕಾಲೇಜಿಗಾದರೂ ಕೇಳದೆಯೇ ಸಿಗಬೇಕು.