ಅಪ್ಪನ ಪಟ್ಟಿಗೆ ಎಣ್ಣೆ ಕುಡಿಸಬೇಡಿ

ಅಕ್ಕಲಕೋಟೆ ಸೀಮೆಯಲ್ಲಿ ಈಗ ಸಲೂನು ಹೊಸದು ಮಾಡುವಾಗ ಮೊದಲು ಹೊರಗೆ ಬೀಳೋದು ಗೋಡೆಗೆ ತೂಗುಹಾಕಿದ ಹಳೆ ಚರ್ಮದ ಪಟ್ಟಿ. ಅಜ್ಜ, ಅಪ್ಪ ಕ್ಷೌರದ ಕತ್ತಿ ತೀಡಿದ ಪಟ್ಟಿ ಅದು. ಎಸೆಯದವರು ಅದನ್ನು ಇನ್ನೊಂದು ಥರ ಹಾಳು ಮಾಡುತ್ತಾರೆ.

ನಮ್ಮ ಮನೆಯಲ್ಲೇ ಆಯಿತು. ಅಣ್ಣನ ಮಗ ಅಟ್ಟದ ಮೇಲಿನ ಹಡಪ ಇಳಿಸಿ, ಒಣಗಿ ಬಿರುಸಾಗಿದ್ದ ಪಟ್ಟಿಗೆ ಪ್ರೀತಿಯಿಂದಲೇ ಅರ್ಧ ಬಟ್ಟಲು ಕೊಬ್ಬರಿ ಎಣ್ಣೆ ಕುಡಿಸಿದ. "ಕಾಕಾ, ಹೆಂಗ ಮಿಂಚಾಕತ್ತೈತಿ ನೋಡ್ರಿ" ಅಂದ. ವಾರದೊಳಗೆ ಅದು ನೆನೆದ ರೊಟ್ಟಿಯಂತಾಯಿತು. ಕತ್ತಿ ಎಳೆದರೆ ಅಲಗು ಚರ್ಮದೊಳಗೆ ಇಳಿದು, ಇದ್ದ ಹರಿತವೂ ಹೋಯಿತು.

ಪಟ್ಟಿಯ ಕೆಲಸವನ್ನೇ ನಾವು ಮರೆತಿದ್ದೇವೆ. ಉಕ್ಕು ಸವೆಸಿ ಹರಿತ ಮಾಡೋದು ಸಾಣೆಕಲ್ಲು. ಪಟ್ಟಿ ಅಲಗಿನ ಅಂಚನ್ನು ನೇರ ಮಾಡಿ ನುಣುಪು ಕೊಡುತ್ತದೆ, ಅಷ್ಟೇ. ಅದಕ್ಕೆ ಚರ್ಮ ಬಾಗಬೇಕು, ಮೆತ್ತಗಾಗಬಾರದು.

ಹಳೆ ಪಟ್ಟಿ ಸಿಕ್ಕರೆ ನೀರಲ್ಲಿ ಅದ್ದಬೇಡಿ. ಹಿಂಡಿದ ಒದ್ದೆ ಬಟ್ಟೆಗೆ ಚೂರು ಸೋಪು ಹಚ್ಚಿ ಜಿಡ್ಡು, ಧೂಳು ಒರೆಸಿ, ನೆರಳಲ್ಲಿ ಒಣಗಿಸಿ. ನಮ್ಮ ಬ್ಯಾಸಿಗಿ ಬಿಸಿಲಿಗಿಟ್ಟರೆ ಬಿರಿಯುತ್ತದೆ. ಅಂಚಿನ ಸಣ್ಣ ಕಚ್ಚುಗಳನ್ನು 400 ನಂಬರಿನ ಪಾಲಿಶ್ ಪೇಪರ್‌ನಿಂದ ಹಗುರವಾಗಿ ಉಜ್ಜಿ. ಕುದುರೆ ಜೀನಿಗೆ ಹಚ್ಚುವ ನೀಟ್ಸ್‌ಫುಟ್ ಎಣ್ಣೆ ಸಿಕ್ಕರೆ ನಾಲ್ಕೈದು ಹನಿ ಸಾಕು. ಆಮೇಲೆ ದಿನಾ ಅಂಗೈಯಿಂದ ತಿಕ್ಕಿ. ಕೈಯ ಬಿಸಿ, ಕೈಯ ಜಿಡ್ಡು ಎರಡೂ ಅದಕ್ಕೆ ಬೇಕು. ಬೂಟ್ ಪಾಲಿಶ್ ಮಾತ್ರ ಬೇಡವೇ ಬೇಡ. ತೀಡುವಾಗ ಕತ್ತಿಯ ಬೆನ್ನು ಮುಂದೆ, ಅಲಗು ಹಿಂದೆ. ಹೊರಳಿಸೋದು ಬೆನ್ನಿನ ಮೇಲೆ. ಪಟ್ಟಿಗೆ ಬಿದ್ದ ಕಚ್ಚೆಲ್ಲ ಇದನ್ನು ಮರೆತವರದು.

ಹೊಲಿಗೆ ಬಿಚ್ಚಿದ್ದರೆ ಕೊಲ್ಹಾಪುರಿ ಚಪ್ಪಲಿ ಮಾಡುವವರ ಹತ್ತಿರ ಒಯ್ಯಿರಿ. ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ ಚರ್ಮದ ಸ್ವಭಾವ ಅವರಿಗೆ ಗೊತ್ತು. 2019ರಲ್ಲಿ ಆ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಾಗ ಸೊಲ್ಲಾಪುರ, ಸಾಂಗಲಿಯ ಜೊತೆ ವಿಜಯಪುರ, ಬೆಳಗಾವಿ ಜಿಲ್ಲೆಗಳೂ ಸೇರಿದ್ದವು. ಚರ್ಮದ ಕಸುಬಿಗೆ ಗಡಿ ಇರಲಿಲ್ಲ ನೋಡಿ.

ಹಾಗಂತ ಹಳೆ ಕತ್ತಿಯನ್ನೇ ಗಿರಾಕಿಯ ಗದ್ದಕ್ಕೆ ಹಿಡಿಯಿರಿ ಅಂತ ನಾನು ಹೇಳುತ್ತಿಲ್ಲ. ಹೆಪಟೈಟಿಸ್ ಬಿ, ಎಚ್‌ಐವಿ ರಕ್ತದಿಂದ ಹರಡುವ ರೋಗಗಳು. ಕತ್ತಿಯನ್ನು ಕುದಿಸಬಹುದು, ಚರ್ಮದ ಪಟ್ಟಿಯನ್ನು ಕುದಿಸಲಾಗದು. ಒಬ್ಬರ ಗಡ್ಡ ಕೆರೆದ ಕತ್ತಿಯನ್ನು ಅದಕ್ಕೆ ತೀಡಿ ಇನ್ನೊಬ್ಬರಿಗೆ ಹಿಡಿದರೆ ಮಾಡಿದ ಶುದ್ಧಿಯೆಲ್ಲ ನೀರುಪಾಲು. ಗಿರಾಕಿಗೊಂದು ಹೊಸ ಬ್ಲೇಡು ಬಂದದ್ದು ಒಳ್ಳೆಯದೇ ಆಯಿತು. ಬ್ಲೇಡು ಉಳಿಸುವ ಸಲೂನಿಗೆ ಕಾಲಿಡಬೇಡಿ.

ಆದರೆ ಸ್ವಂತ ಮುಖಕ್ಕೆ, ಸ್ವಂತ ಕತ್ತಿಗೆ, ಮನೆಯ ಪಟ್ಟಿಗೆ ಯಾರ ಅಡ್ಡಿ? ಒಂದು ಕತ್ತಿ ತಲೆಮಾರು ಬಾಳುತ್ತದೆ. ಮರಾಠಿಯಲ್ಲಿ ವಸ್ತರಾ ಎಂದು ಕರೆಯುವ ಆ ಕತ್ತಿಯನ್ನು ಷೋಕಿಗೆ ದುಡ್ಡು ಕೊಟ್ಟು ಕೊಳ್ಳುವ ಹುಡುಗರು ಈಗ ಪಟ್ಟಣದಲ್ಲಿದ್ದಾರೆ. ಅದನ್ನು ತೀಡುವ ಕೈ ಇರುವ ಹಿರಿಯರು ನಮ್ಮ ಓಣಿಯಲ್ಲೇ ಸುಮ್ಮನೆ ಕೂತಿದ್ದಾರೆ. ಅವರನ್ನು ಕೇಳುವವರಿಲ್ಲ.

ನಮ್ಮ ಪಟ್ಟಿಗೆ ಮುಲ್ತಾನಿ ಮಿಟ್ಟಿ ಉದುರಿಸಿ ಎರಡು ದಿನ ಇಟ್ಟೆವು. ಮೇಲಿನ ಜಿಡ್ಡು ಬಂತು, ಒಳಗಿನದು ಬರಲಿಲ್ಲ. ಎಣ್ಣೆ ಕಡಿಮೆ ಕುಡಿದಿದ್ದ ತುದಿಯ ಒಂದು ಗೇಣು ಕತ್ತರಿಸಿ ಸಾಗವಾನಿ ಹಲಗೆಗೆ ಅಂಟಿಸಿದ್ದೇವೆ. ಹುಡುಗ ಈಗ ಅದರ ಮೇಲೆ ತೀಡೋದು ಕಲಿಯಾಕತ್ತಾನ.