ಮೇಜಿನ ಸಿಂಗಾರ ಹಿತ್ತಿಲಲ್ಲೇ ಇದೆ

ಸುಗ್ಗಿ ಮುಗಿದು ರಾಗಿ ಕಣಜ ಸೇರುತ್ತಲೇ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳಲ್ಲಿ ಮದುವೆಗಳ ಕಾಲ ಆರಂಭವಾಗುತ್ತದೆ. ಮನೆ ಮುಂದೆ ಚಪ್ಪರ ಹಾಕಿ, ಚಾಪೆ ಹಾಸಿ ಪಂಕ್ತಿ ಕೂರಿಸುತ್ತಿದ್ದ ಮದುವೆ ಇಂದು ಬಹುಮಟ್ಟಿಗೆ ಕಲ್ಯಾಣ ಮಂಟಪ ಸೇರಿದೆ. ಚಾಪೆಯ ಜಾಗಕ್ಕೆ ಮೇಜು ಬಂದಿದೆ. ಮೇಜಿನ ಹಿಂದೆಯೇ ಪ್ಲಾಸ್ಟಿಕ್ ಹಾಳೆ, ಪ್ಲಾಸ್ಟಿಕ್ ಹೂವು, ಥರ್ಮೋಕೋಲ್ ಅಲಂಕಾರ, ಅರ್ಧ ಕುಡಿದು ಎಸೆಯುವ ನೀರಿನ ಬಾಟಲಿಗಳೂ ಬಂದಿವೆ.

ವಯಸ್ಸಾದವರಿಗೆ ನೆಲದ ಮೇಲೆ ಕೂರುವುದು ಕಷ್ಟ; ಮೇಜು ಬೇಡವೆಂದು ನಾವು ಹೇಳುವುದಿಲ್ಲ. ಆದರೆ ತೆಂಗಿನ ತೋಟದವನು ಗರಿಯನ್ನು ಒಲೆಗೆ ಹಾಕಿ, ಪೇಟೆಯಿಂದ ಪ್ಲಾಸ್ಟಿಕ್ ತೋರಣ ತರುವುದು ಯಾವ ಲೆಕ್ಕ? ಹೇಮಾವತಿಯ ನೀರಿನಲ್ಲಿ ಬಾಳೆ ಬೆಳೆದವನು ಬಾಳೆಎಲೆಯ ಬಣ್ಣ ಹೊಡೆದ ಕಾಗದದೆಲೆಗೆ ದುಡ್ಡು ಕೊಡುವುದು ಯಾವ ಜಾಣತನ?

ಕಾನೂನೂ ಇದಕ್ಕೆ ವಿರುದ್ಧವಾಗಿದೆ. ಊಟದ ಮೇಜಿಗೆ ಹಾಸುವ ಪ್ಲಾಸ್ಟಿಕ್ ಹಾಳೆ, ಪ್ಲಾಸ್ಟಿಕ್ ತಟ್ಟೆ ಲೋಟಗಳನ್ನು ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲೇ ನಿಷೇಧಿಸಿತು. ಅಲಂಕಾರದ ಥರ್ಮೋಕೋಲನ್ನು ಕೇಂದ್ರ ಸರ್ಕಾರ 2022ರ ಜುಲೈ 1ರಿಂದ ದೇಶಾದ್ಯಂತ ನಿಷೇಧಿಸಿದೆ.

ಕಾನೂನಿಗಿಂತ ದೊಡ್ಡ ಮಾತು ಕೊಟ್ಟಿಗೆಯದು. ಮಂಟಪದ ಹಿಂದಿನ ಗುಂಡಿಗೆ ಎಂಜಲೆಲೆಯ ಜೊತೆ ಪ್ಲಾಸ್ಟಿಕ್ಕೂ ಬೀಳುತ್ತದೆ. ನಾಲಗೆಯಲ್ಲಿ ಸುತ್ತಿ ಎಳೆದು ನುಂಗುವ ದನಕ್ಕೆ ಅನ್ನ ಸಾರು ಮೆತ್ತಿದ ಹಾಳೆಯನ್ನು ಬೇರೆ ಮಾಡಲು ಬರುವುದಿಲ್ಲ. ಅದು ಹೊಟ್ಟೆಯಲ್ಲಿ ಉಂಡೆಗಟ್ಟಿದರೆ ಮೆಲುಕು ಕಡಿಮೆಯಾಗಿ, ಹೊಟ್ಟೆ ಉಬ್ಬರಿಸಿ, ಹಾಲು ಇಳಿಯುತ್ತದೆ. ಉಂಡೆ ದೊಡ್ಡದಾದರೆ ಹೊಟ್ಟೆ ಕೊಯ್ದು ತೆಗೆಯುವುದೊಂದೇ ದಾರಿ. ಒಂದು ಹೊತ್ತಿನ ಸೊಗಸಿಗೆ ಕರೆಯುವ ಹಸುವನ್ನು ಕಳೆದುಕೊಳ್ಳಬೇಕೆ?

ನಮ್ಮಲ್ಲಿರುವುದನ್ನೇ ಬಳಸಿದರೆ ಮೇಜು ಚೆನ್ನಾಗಿಯೇ ಕಾಣುತ್ತದೆ. ಒಗೆದು ಮತ್ತೆ ಬಳಸಬಹುದಾದ ಬಿಳಿ ಬಟ್ಟೆ ಹಾಸಿ, ನಡುವೆ ಹಿತ್ತಾಳೆ ಚೊಂಬಿನಲ್ಲಿ ಮಾವಿನ ಸೊಪ್ಪು, ಚೆಂಡುಹೂವು, ಸೇವಂತಿಗೆ, ಜೊತೆಗೆ ನಾಲ್ಕು ರಾಗಿ ತೆನೆ ಇಟ್ಟರೆ ಸಾಕು. ಚೊಂಬು ಗಿಡ್ಡದಿರಲಿ, ಎದುರು ಕೂತವರ ಮುಖ ಕಾಣಬೇಕು, ಬಡಿಸುವವರ ಕೈಗೆ ತಗುಲಬಾರದು. ತೋರಣಕ್ಕೆ ಹಸಿರು ತೆಂಗಿನ ಗರಿ ಹೆಣೆಯಿರಿ. ಎಳೆಗರಿಯ ಆಸೆಗೆ ಸುಳಿಗೆ ಕೈ ಹಾಕಬೇಡಿ. ಸುಳಿ ಕೆಟ್ಟರೆ ಮರವೇ ಹೋಗುತ್ತದೆ. ಬಾಳೆಎಲೆ ಸಾಲದ ಕಡೆ ಅಡಿಕೆ ಹಾಳೆಯ ತಟ್ಟೆ ಇದೆ. ನೀರಿಗೆ ಸ್ಟೀಲ್ ಲೋಟ, ಜಗ್ಗು ಇರಲಿ.

ಮದುವೆಯ ದಿನ ಮೊದಲೇ ಗೊತ್ತಿದ್ದವರು ಮೂರು ತಿಂಗಳ ಮುಂಚೆ ಚೆಂಡುಹೂವಿನ ಬೀಜ ಚೆಲ್ಲಬಹುದು. ಮೂರು ನಾಲ್ಕು ವಾರದ ಸಸಿಯನ್ನು ಹೊಲದ ಅಂಚಿಗೆ ನೆಟ್ಟರೆ ಸುಮಾರು ಎರಡು ತಿಂಗಳಲ್ಲಿ ಹೂವು ಕೈಗೆ ಬರುತ್ತದೆ. ತರಕಾರಿಯ ಬೇರುಗಂಟು ಜಂತುವನ್ನು ತಗ್ಗಿಸುವ ಗುಣವೂ ಈ ಗಿಡಕ್ಕಿದೆ. ಎಲೆಯ ಪಕ್ಕ ಇಡುವ ಹೂವಿಗೆ ಕೀಟನಾಶಕ ಹೊಡೆದಿರಬಾರದು. ಬೆಳಗಿನ ತಂಪಿನಲ್ಲಿ ಕಿತ್ತು ಒದ್ದೆ ಬಟ್ಟೆ ಮುಚ್ಚಿಟ್ಟರೆ ಬಾಡುವುದು ನಿಧಾನ. ಕೊನೆಗೆ ಹೂವು, ಗರಿ ಎಲ್ಲ ತಿಪ್ಪೆಗೆ ಹೋಗಿ ಗೊಬ್ಬರವಾಗುತ್ತವೆ.

“ನಾಲ್ಕು ಜನ ಏನೆಂದಾರು?” ಎಂಬ ಅಂಜಿಕೆಯೇ ಹಲವರನ್ನು ಸಾಲಕ್ಕೆ ನೂಕುತ್ತದೆ. 1966ರಲ್ಲಿ ಕುವೆಂಪು ಅವರು ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ಮಂತ್ರ ಮಾಂಗಲ್ಯದ ಮೂಲಕ ಸರಳವಾಗಿ ನೆರವೇರಿಸಿದರು. ಅದರಿಂದ ಅವರ ಗೌರವ ಕುಂದಲಿಲ್ಲ. ಇಂದಿಗೂ ಜನ ಅದನ್ನು ಮಾದರಿಯೆಂದು ನೆನೆಯುತ್ತಾರೆ.

ಒಬ್ಬೊಬ್ಬರೇ ಲೋಟ, ಜಗ್ಗು, ಬಟ್ಟೆ ಕೊಳ್ಳುವುದು ಭಾರವಾದೀತು. ಊರಿನ ಹಾಲು ಉತ್ಪಾದಕರ ಸಂಘವೋ ಸ್ತ್ರೀಶಕ್ತಿ ಸಂಘವೋ ಒಮ್ಮೆ ಕೊಂಡಿಟ್ಟು ಅಲ್ಪ ಬಾಡಿಗೆಗೆ ಕೊಟ್ಟರೆ ಎಲ್ಲ ಮನೆಯ ಮದುವೆಗೂ ಆಗುತ್ತದೆ. ಈ ಮಾತು ಮುಂದಿನ ಸಂಘದ ಸಭೆಯಲ್ಲಿ ಚರ್ಚೆಗೆ ಬರಲಿ. ಮದುವೆಗೆಂದು ಕೂಡಿಟ್ಟ ಹಣ ಮಂಟಪದ ಹಿಂದಿನ ಗುಂಡಿಗೆ ಬೀಳದೆ ಹೊಸ ಸಂಸಾರದ ಕೈಗೆ ಸೇರಲಿ.